ತಟ್ಟೆಯ ಹಿಂಬದಿಯ ಹೆಸರು

1957ರ ಒಂದು ಗ್ರಾಮಾಫೋನ್ ತಟ್ಟೆ. ನಡುವೆ ಹಳದಿ ಲೇಬಲ್, ಅದರಲ್ಲಿ ಸೂರ್ಯನ ಕಿರಣಗಳು, ಕೂಗಲು ನಿಂತ ಹುಂಜ. ಅಮೆರಿಕದ ಮೆಂಫಿಸ್‌ನ ಸನ್ ರೆಕಾರ್ಡ್ಸ್ ಹೊರತಂದ 267ನೇ ನಂಬರಿನ ತಟ್ಟೆ ಇದು. ಮುಂಬದಿಯಲ್ಲಿ ಜೆರ್ರಿ ಲೀ ಲೂಯಿಸ್ ಹಾಡಿದ ‘ಹೋಲ್ ಲಾಟ್ ಆಫ್ ಶೇಕಿನ್ ಗೋಯಿಂಗ್ ಆನ್’. ಪಿಯಾನೊವನ್ನು ಗುದ್ದಿ ಗುದ್ದಿ ಬಾರಿಸಿದ ಆ ಎರಡೂಮುಕ್ಕಾಲು ನಿಮಿಷ ಅವನನ್ನು ರಾತ್ರೋರಾತ್ರಿ ದೇಶಕ್ಕೆಲ್ಲ ಪರಿಚಯಿಸಿತು. ಹಾಡಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದವರ ಹೆಸರಿದೆ. ಮೈಕು ಎಲ್ಲಿಡಬೇಕು, ಯಾವಾಗ ಟೇಪು ಓಡಿಸಬೇಕು, ಯಾವ ಸಲ ಹಾಡಿದ್ದು ಸರಿಯಾಗಿ ಬಂತು ಎಂದೆಲ್ಲ ನಿರ್ಧರಿಸಿ ಗಾಜಿನಾಚೆ ಕೂತಿದ್ದವನ ಹೆಸರು ಎಲ್ಲೂ ಇಲ್ಲ.

ತಟ್ಟೆ ತಿರುವಿ ಹಾಕಿ. ಹಿಂಬದಿಯಲ್ಲಿ ‘ಇಟ್ಲ್ ಬಿ ಮಿ’ ಅಂತ ಒಂದು ಹಾಡು. ಅದರ ಕೆಳಗೆ: ಜಾಕ್ ಕ್ಲೆಮೆಂಟ್.

ಗಾಜಿನಾಚೆ ಕೂತಿದ್ದವನು ಇವನೇ. ಆ ದಿನ ಸ್ಟುಡಿಯೊದಲ್ಲಿ ಹೆಚ್ಚು ಹೊತ್ತು ಹಿಡಿದದ್ದೂ ಇವನ ಹಾಡೇ. ಅದು ಎಷ್ಟು ಸಲ ಹಾಡಿಸಿದರೂ ಕೂಡಿಬರಲಿಲ್ಲ. ಎಲ್ಲರಿಗೂ ಬೇಸರ ಬಂದಾಗ, ಇದನ್ನು ಆಮೇಲೆ ನೋಡೋಣ, ಬೇರೆ ಏನಾದರೂ ನುಡಿಸಿ ಅಂದ. ಹುಡುಗರು ಊರೂರಿನ ಕುಣಿತದ ಸಭೆಗಳಲ್ಲಿ ನುಡಿಸುತ್ತಿದ್ದದ್ದನ್ನೇ ಎತ್ತಿಕೊಂಡರು, ಒಂದೇ ಏಟಿಗೆ ಮುಗಿಸಿದರು. ಮುಂಬದಿಯ ಹಾಡು ಹುಟ್ಟಿದ್ದು ಹಾಗೆ, ಅಂತ ಕ್ಲೆಮೆಂಟೇ ಹೇಳಿಕೊಂಡಿದ್ದಾನೆ.

ಜನ ಅವನನ್ನು ನೆನೆಯುವುದು ಹೆಸರಿಲ್ಲದ ಬದಿಗಾಗಿ, ಅವನಿಗೆ ದುಡ್ಡು ಬಂದದ್ದು ಹೆಸರಿದ್ದ ಬದಿಯಿಂದ. ಅಮೆರಿಕದ ಕಂಟ್ರಿ, ಅಂದರೆ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಸಂಗೀತದ ವ್ಯವಹಾರ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದರೆ ಈ ಒಂದು ತಟ್ಟೆಯ ಲೆಕ್ಕ ಬಿಡಿಸಿದರೆ ಸಾಕು.

ಅದಕ್ಕೂ ಮೊದಲು ಒಂದು ಪದದ ಗೊಂದಲ. ‘ಪ್ರೊಡ್ಯೂಸರ್’ ಅಂದ ಕೂಡಲೇ ಸಿನಿಮಾ ನೋಡಿ ಬೆಳೆದ ನಮಗೆ ಕಾಣುವುದು ದುಡ್ಡು ಹಾಕುವ ನಿರ್ಮಾಪಕ. ರೆಕಾರ್ಡಿಂಗ್ ಲೋಕದ ಪ್ರೊಡ್ಯೂಸರ್ ಅವನಲ್ಲ. ಅವನ ಕೆಲಸ ಸಿನಿಮಾದ ನಿರ್ದೇಶಕನಿಗೆ ಹತ್ತಿರ. ಯಾವ ಗಾಯಕನಿಗೆ ಯಾವ ಹಾಡು, ಯಾವ ವಾದ್ಯ ಇರಬೇಕು, ಯಾವುದು ಬಾಯಿ ಮುಚ್ಚಿಕೊಂಡಿರಬೇಕು, ವೇಗ ಎಷ್ಟು, ಇಷ್ಟು ಸಾಕು ಅಂತ ಯಾವಾಗ ಹೇಳಬೇಕು, ಎಲ್ಲ ಅವನದೇ ತೀರ್ಮಾನ. ನಮ್ಮಲ್ಲಿ ಇದರ ಬಹುಪಾಲನ್ನು ಸಂಗೀತ ನಿರ್ದೇಶಕರು ಮಾಡುತ್ತಾರೆ, ಆದರೆ ರಾಗ ಹಾಕುವವರೂ ಅವರೇ. ಕಂಟ್ರಿಯಲ್ಲಿ ಸಾಹಿತ್ಯ, ರಾಗ ಎರಡೂ ಹೆಚ್ಚಾಗಿ ‘ಸಾಂಗ್‌ರೈಟರ್’ನ ಕೈಯಲ್ಲೇ ಹುಟ್ಟುತ್ತವೆ. ಒಂದು ಗಿಟಾರ್ ಹಿಡಿದು ಅವನು ಕಟ್ಟಿಕೊಟ್ಟದ್ದನ್ನು ಬೇರೊಬ್ಬ ಹಾಡುತ್ತಾನೆ. ಕ್ಲೆಮೆಂಟ್ ಎರಡೂ ಕುರ್ಚಿಯಲ್ಲಿ ಕೂತವನು.

ಈಗ ಲೆಕ್ಕ. ಅಮೆರಿಕದ 1909ರ ಕಾಪಿರೈಟ್ ಕಾಯ್ದೆ ಒಂದು ದರ ಗೊತ್ತುಮಾಡಿತ್ತು: ಹಾಡನ್ನು ತಟ್ಟೆಗೆ ಅಚ್ಚು ಹಾಕಿದರೆ ಪ್ರತಿಯೊಂದಕ್ಕೆ 2 ಸೆಂಟ್. 1977ರ ಕೊನೆಯವರೆಗೂ ಅದು ಅಲ್ಲಾಡಲಿಲ್ಲ. ಈ 2 ಸೆಂಟು ಬರೆದವನಿಗೂ ಹಾಡಿನ ಹಕ್ಕು ಇಟ್ಟುಕೊಂಡ ಪ್ರಕಾಶಕನಿಗೂ ಸಾಮಾನ್ಯವಾಗಿ ಅರ್ಧರ್ಧ. ಸ್ವಾರಸ್ಯ ಇರುವುದು ಇಲ್ಲಿ: ಗಿರಾಕಿ ಯಾವ ಬದಿಗಾಗಿ ತಟ್ಟೆ ಕೊಂಡ ಎಂದು ಕಾನೂನು ಕೇಳುವುದಿಲ್ಲ. ಹತ್ತು ಲಕ್ಷ ತಟ್ಟೆ ಖರ್ಚಾದವು ಅಂತಿಟ್ಟುಕೊಳ್ಳಿ. ದರದ ಪ್ರಕಾರ ಮುಂಬದಿಯ ಹಾಡಿಗೆ 20,000 ಡಾಲರ್, ಯಾರೂ ಕೇಳದ ಹಿಂಬದಿಯ ಹಾಡಿಗೂ 20,000 ಡಾಲರ್. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುತ್ತೇವಲ್ಲ, ಇಲ್ಲಿ ನಾರಿಗೆ ಹೂವಿನಷ್ಟೇ ಸಂಬಳ ಕೂಡ. ಹಾಗಾಗಿಯೇ ಆ ಕಾಲದಲ್ಲಿ ಹಿಂಬದಿಗೆ ಯಾರ ಹಾಡು ಹಾಕಬೇಕು ಅನ್ನುವುದು ಸಣ್ಣ ಜಗಳವಾಗಿರಲಿಲ್ಲ.

ಎರಡನೆಯ ಹೊಳೆ ರೇಡಿಯೊದಿಂದ ಹರಿಯುತ್ತದೆ. ಅಮೆರಿಕದ ಮಾಮೂಲಿ ರೇಡಿಯೊ ಸ್ಟೇಷನ್ ಹಾಡೊಂದನ್ನು ಹಾಕಿದರೆ ಬರೆದವನಿಗೂ ಪ್ರಕಾಶಕನಿಗೂ ಹಣ ಕೊಡುತ್ತದೆ. ಬಿಎಂಐ, ಆಸ್ಕ್ಯಾಪ್‌ನಂಥ ಸಂಘಗಳು ಅದನ್ನು ವಸೂಲಿ ಮಾಡಿ ಹಂಚುತ್ತವೆ. ಹಾಡಿದವನಿಗೆ? ಏನೂ ಇಲ್ಲ. ರೆಕಾರ್ಡ್ ಕಂಪನಿಗೂ ಇಲ್ಲ. ಇವತ್ತಿಗೂ ಅಲ್ಲಿನ ಕಾನೂನು ಹಾಗೇ ಇದೆ. ಹೆಸರಾಂತ ಕಂಟ್ರಿ ಗಾಯಕ ಜಾನಿ ಕ್ಯಾಶ್‌ನ ದನಿ ಊರೆಲ್ಲ ಮೊಳಗಿದರೂ, ಹಾಡು ಬೇರೆಯವನದಾದರೆ ಆ ಮೊಳಗಿನ ಕಾಸು ಕ್ಯಾಶ್ ಜೇಬಿಗೆ ಬೀಳುವುದಿಲ್ಲ. ಮೊದಲ ಸಲ ಇದನ್ನು ಓದಿದಾಗ ಅಚ್ಚಿನ ತಪ್ಪಿರಬೇಕು ಅಂದುಕೊಂಡಿದ್ದೆ.

ಇನ್ನು ಸ್ಟುಡಿಯೊದಲ್ಲಿ ಮಾಡಿದ ಕೆಲಸಕ್ಕೆ ಸಿಗುವುದು ಕೂಲಿ. ಸನ್‌ನಲ್ಲಿ ಕ್ಲೆಮೆಂಟ್ ಸಂಬಳದಾಳು. ತಟ್ಟೆ ಹತ್ತು ಸಾವಿರ ಹೋದರೂ ಹತ್ತು ಲಕ್ಷ ಹೋದರೂ ಅದೇ ಪಗಾರ.

ಅವನು ಹುಟ್ಟಿದ್ದು 1931ರ ಏಪ್ರಿಲ್ 5ರಂದು, ಮೆಂಫಿಸ್ ಪಕ್ಕದ ವೈಟ್‌ಹೇವನ್‌ನಲ್ಲಿ. ‘ಕೌಬಾಯ್ ಜಾಕ್’ ಎಂದೇ ಹೆಸರಾದರೂ ದನ ಕಾದವನಲ್ಲ. ನೌಕಾಪಡೆಯ ಮರೀನ್ ದಳದಲ್ಲಿದ್ದ. ಅಲ್ಲಿಂದ ಬಿಟ್ಟು ಬಂದು ವಾಷಿಂಗ್ಟನ್ ಸುತ್ತಮುತ್ತ ಬ್ಲೂಗ್ರಾಸ್ ಎಂಬ ಬಗೆಯ ಕಂಟ್ರಿ ನುಡಿಸುವ ತಂಡಗಳಲ್ಲಿ ನುಡಿಸಿದ. ಮೆಂಫಿಸ್‌ಗೆ ಮರಳಿ ಕಾಲೇಜಿಗೆ ಸೇರಿದ. ಹೊಟ್ಟೆಪಾಡಿಗೆ ಆರ್ಥರ್ ಮರ್ರಿ ನೃತ್ಯಶಾಲೆಯಲ್ಲಿ ಬಾಲ್‌ರೂಂ ಕುಣಿತ ಕಲಿಸುವ ಮೇಷ್ಟರಾದ. ಈ ಕುಣಿತವನ್ನು ನೆನಪಿಟ್ಟುಕೊಳ್ಳಿ.

ಗೆಳೆಯನೊಬ್ಬನ ಗ್ಯಾರೇಜಿನಲ್ಲಿ ಸ್ಟುಡಿಯೊ ಅಂತ ಕರೆಯಬಹುದಾದ ಏನೋ ಒಂದನ್ನು ಕಟ್ಟಿದರು. ಆ ರಸ್ತೆಯ ಹೆಸರನ್ನೇ ಕಂಪನಿಗಿಟ್ಟರು, ಫರ್ನ್‌ವುಡ್. ಬಿಲ್ಲಿ ಲೀ ರೈಲಿ ಎಂಬ ಹುಡುಗನ ಹಾಡು ಧ್ವನಿಮುದ್ರಿಸಿ, ತಟ್ಟೆಗೆ ಬೇಕಾದ ಮೂಲಪ್ರತಿ ಮಾಡಿಸಲು ಟೇಪನ್ನು ಯೂನಿಯನ್ ಅವೆನ್ಯೂ 706ನೇ ನಂಬರಿಗೆ ಕೊಂಡೊಯ್ದ. ಅದು ಸ್ಯಾಮ್ ಫಿಲಿಪ್ಸ್‌ನ ಸನ್ ಸ್ಟುಡಿಯೊ. ಎಲ್ವಿಸ್ ಪ್ರೆಸ್ಲಿಯನ್ನು ಹಿಂದಿನ ವರ್ಷವಷ್ಟೇ 35,000 ಡಾಲರಿಗೆ ಆರ್‌ಸಿಎ ಕಂಪನಿಗೆ ಬಿಟ್ಟುಕೊಟ್ಟು, ಮುಂದಿನವನು ಯಾರು ಎಂದು ಹುಡುಕುತ್ತಿದ್ದ ಮನುಷ್ಯ ಫಿಲಿಪ್ಸ್. ಟೇಪು ಕೇಳಿ ಹಾಡನ್ನೂ ಇಟ್ಟುಕೊಂಡ, ತಂದವನನ್ನೂ ಇಟ್ಟುಕೊಂಡ. ಅದು 1956.

ಸನ್‌ನ ಆ ಕೋಣೆ ದೊಡ್ಡದೇನಲ್ಲ. ಅಲ್ಲಿನ ಹೆಸರಾಂತ ಮಾರುದನಿಗೆ ದೊಡ್ಡ ಯಂತ್ರವೂ ಇರಲಿಲ್ಲ, ಎರಡು ಆಂಪೆಕ್ಸ್ ಟೇಪ್ ಯಂತ್ರ ಅಷ್ಟೆ. ಟೇಪ್ ಯಂತ್ರದಲ್ಲಿ ಶಬ್ದ ಬರೆಯುವ ಹೆಡ್ ಒಂದು, ಓದುವ ಹೆಡ್ ಇನ್ನೊಂದು, ನಡುವೆ ಚೂರು ಅಂತರ. ಎರಡನೆಯ ಯಂತ್ರದಲ್ಲಿ ಬರೆದದ್ದನ್ನು ಒಂದು ಕ್ಷಣದ ಭಾಗದಷ್ಟು ತಡವಾಗಿ ಓದಿಸಿ ಮೂಲದ ಜೊತೆ ಬೆರೆಸಿದರೆ ದನಿ ಎದುರಿನ ಗೋಡೆಗೆ ಬಡಿದು ಹಿಂತಿರುಗಿದಂತೆ ಕೇಳುತ್ತದೆ. ಬಾವಿಯೊಳಗೆ ಕೂಗಿದರೆ ದನಿ ಎಳೆದುಕೊಂಡು ಬರುತ್ತದೆ. ಇದು ಹಾಗಲ್ಲ, ಚಪ್ಪಾಳೆಯ ಹಾಗೆ ಫಟ್ ಅಂತ ಒಂದೇ ಸಲ. ಫಿಲಿಪ್ಸ್ ಕಂಡುಕೊಂಡಿದ್ದ ಈ ಉಪಾಯ ಕ್ಲೆಮೆಂಟ್‌ಗೂ ಕೈವಶವಾಯಿತು.

ಸೇರಿದ ಆರು ತಿಂಗಳೊಳಗೇ ಎರಡು ಘಟನೆ. ಫಿಲಿಪ್ಸ್ ಊರಲ್ಲಿಲ್ಲದಾಗ ಲೂಸಿಯಾನಾದಿಂದ ಜೆರ್ರಿ ಲೀ ಲೂಯಿಸ್ ಬಾಗಿಲಿಗೆ ಬಂದ. ದಾರಿಖರ್ಚಿಗೆ ಅಪ್ಪ ಮೊಟ್ಟೆ ಮಾರಿದ್ದ ಅನ್ನುವುದು ಕತೆ. ಹಾಗೇ ಕಳಿಸಿಬಿಡಬಹುದಿತ್ತು; ಕ್ಲೆಮೆಂಟ್ ಕೂರಿಸಿ ನುಡಿಸಿದ, ಟೇಪು ಮಾಡಿ ಧಣಿಗೆ ಎತ್ತಿಟ್ಟ. ಇನ್ನೊಂದು ಡಿಸೆಂಬರ್ 4ರ ಮಧ್ಯಾಹ್ನ. ಕಾರ್ಲ್ ಪರ್ಕಿನ್ಸ್‌ನ ರೆಕಾರ್ಡಿಂಗ್ ನಡೆದಿತ್ತು, ಪಿಯಾನೊಗೆ ಜೆರ್ರಿ ಲೀ. ಎಲ್ವಿಸ್ ಸುಮ್ಮನೆ ಹಳೆ ಜಾಗ ನೋಡಿಹೋಗಲು ಬಂದ, ಜಾನಿ ಕ್ಯಾಶ್ ಕೂಡ ಅಲ್ಲಿದ್ದ. ಹರಟೆ ಶುರುವಾಗಿ, ಚರ್ಚಿನ ಹಾಡುಗಳು ಬಾಯಿಗೆ ಬಂದವು. ಒಳಗಿದ್ದ ಕ್ಲೆಮೆಂಟ್, ಇದನ್ನು ಹಿಡಿಯದೆ ಬಿಟ್ಟರೆ ಮೂರ್ಖತನ ಅಂತ ಟೇಪು ಓಡಿಸಿದ. ‘ಮಿಲಿಯನ್ ಡಾಲರ್ ಕ್ವಾರ್ಟೆಟ್’ ಎಂದು ಮುಂದೆ ಹೆಸರಾದದ್ದು ಆ ಟೇಪೇ. ಬಾಗಿಲು ಕಿರುಗುಟ್ಟುವುದು, ಮಾತು, ನಗು ಎಲ್ಲ ಅದರಲ್ಲಿವೆ. ಪ್ರೊಡ್ಯೂಸರ್ ಅಂದರೇನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಆ ದಿನ ಅವನು ಮಾಡಿದ್ದು ಗುಂಡಿ ಒತ್ತಿದ್ದು ಮಾತ್ರ, ಆದರೆ ಒತ್ತಬೇಕಾದ ಗಳಿಗೆಯಲ್ಲೇ ಒತ್ತಿದ.

ಕಿವಿ ತಪ್ಪಿದ್ದೂ ಉಂಟು. ಅದೇ ಕೋಣೆಯಲ್ಲಿ ರಾಯ್ ಆರ್ಬಿಸನ್ ಎಂಬ ಹುಡುಗನಿಗೆ, ನೀನು ನಿಧಾನದ ಭಾವುಕ ಹಾಡುಗಳಿಗೆ ಆಗಿಬರುವವನಲ್ಲ ಎಂದು ಕ್ಲೆಮೆಂಟ್ ಹೇಳಿದ್ದ. ಆರ್ಬಿಸನ್ ಬೇರೆ ಕಂಪನಿಗೆ ಹೋಗಿ 1960ರಿಂದಾಚೆಗೆ ಅಂಥ ಹಾಡುಗಳಿಂದಲೇ ಜಗತ್ತನ್ನು ಅಳಿಸಿದ. ಕ್ಲೆಮೆಂಟ್ ಇದನ್ನು ಮುಚ್ಚಿಡದೆ ಸಾಯುವವರೆಗೂ ತಾನೇ ಹೇಳಿಕೊಂಡು ನಗುತ್ತಿದ್ದ.

1958ರಲ್ಲಿ ಅವನ ಎರಡು ಹಾಡುಗಳನ್ನು ಕ್ಯಾಶ್ ಹಾಡಿದ. ‘ಬ್ಯಾಲಡ್ ಆಫ್ ಎ ಟೀನೇಜ್ ಕ್ವೀನ್’ ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಹತ್ತು ವಾರ ಮೊದಲ ಸ್ಥಾನದಲ್ಲಿ ಕೂತಿತು, ‘ಗೆಸ್ ಥಿಂಗ್ಸ್ ಹ್ಯಾಪನ್ ದಟ್ ವೇ’ ಎಂಟು ವಾರ. ಒಂದು ಗಿಟಾರ್, ಒಂದು ಬಾಸ್, ತಂತಿಗಳ ನಡುವೆ ಕಾಗದ ಸಿಕ್ಕಿಸಿ ಡ್ರಮ್ಮಿನ ಸದ್ದು ಹೊರಡಿಸುತ್ತಿದ್ದ ಕ್ಯಾಶ್‌ನ ಬೋಳು ಸಂಗೀತಕ್ಕೆ ಕ್ಲೆಮೆಂಟ್ ಹಿಮ್ಮೇಳದ ಗಾಯಕರನ್ನು ತಂದು ನಿಲ್ಲಿಸಿದ. ಬೋಳುತನವೇ ಚೆಂದವಿತ್ತು ಎಂದು ಗೊಣಗುವವರು ಈಗಲೂ ಇದ್ದಾರೆ, ಟೀನೇಜ್ ಕ್ವೀನ್ ವಿಷಯದಲ್ಲಿ ನಾನೂ ಅವರ ಜೊತೆಗೇ. ಮರುವರ್ಷ ಫಿಲಿಪ್ಸ್ ಕ್ಲೆಮೆಂಟ್‌ನನ್ನು ಕೆಲಸದಿಂದ ತೆಗೆದ.

ಅಲ್ಲಿಂದ ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ಗೆ. ಆರ್‌ಸಿಎ ಕಂಪನಿಯಲ್ಲಿ ಚೆಟ್ ಅಟ್ಕಿನ್ಸ್ ಕೈಕೆಳಗೆ ಸ್ವಲ್ಪ ಕಾಲ ಇದ್ದ. ಬೆಂಗಳೂರಿನ ದಂಡು ಪ್ರದೇಶದಲ್ಲೋ ಮಂಗಳೂರಿನ ಕ್ರೈಸ್ತ ಮನೆಗಳಲ್ಲೋ ಬೆಳೆದವರಿಗೆ ಜಿಮ್ ರೀವ್ಸ್‌ನ ಮೃದು ದನಿಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. 1960ರಲ್ಲಿ ರೀವ್ಸ್ ಹಾಡಿದ ‘ಐ ನೋ ಒನ್’ ಕ್ಲೆಮೆಂಟ್ ಬರೆದದ್ದು. ಎಷ್ಟೋ ಜನ ಗುನುಗಿದ್ದಾರೆ, ಬರೆದವನು ಯಾರೆಂದು ವಿಚಾರಿಸಿದವರು ಕಡಿಮೆ.

ನ್ಯಾಶ್‌ವಿಲ್‌ನಲ್ಲಿ ಹಾಡು ಹುಟ್ಟಿ ತಟ್ಟೆ ಸೇರುವ ದಾರಿ ಹೀಗೆ. ಬರೆದವನು ಕಡಿಮೆ ಖರ್ಚಿನಲ್ಲಿ ಒಂದು ಮಾದರಿ ಧ್ವನಿಮುದ್ರಣ ಮಾಡಿಸುತ್ತಾನೆ, ಅದು ‘ಡೆಮೊ’. ಪ್ರಕಾಶಕನ ಕಡೆಯ ಆಳು ಅದನ್ನು ಹಿಡಿದು ಗಾಯಕರ, ಪ್ರೊಡ್ಯೂಸರ್‌ಗಳ ಮನೆ ಬಾಗಿಲು ತಟ್ಟುತ್ತಾನೆ. ನೂರು ಕೇಳಿಸಿದರೆ ಒಂದು ಹಿಡಿಯಬಹುದು. ಹಿಡಿದರೆ ಪ್ರಕಾಶಕನಿಗೆ ಅರ್ಧ. ಸುಮ್ಮನೆ ಪುಸ್ತಕ ಅಚ್ಚು ಹಾಕುವವನೆಂದು ತಿಳಿಯಬೇಡಿ, ಹೊಲ ಅವನ ಹೆಸರಲ್ಲಿರುತ್ತದೆ. ಬರೆದವನು ಗೇಣಿದಾರ. ಕ್ಲೆಮೆಂಟ್ ಇದನ್ನು ಬೇಗ ಅರ್ಥ ಮಾಡಿಕೊಂಡ. ಟೆಕ್ಸಸ್‌ನ ಬ್ಯೂಮಾಂಟ್ ಊರಿಗೆ ಹೋಗಿ ಬಿಲ್ ಹಾಲ್ ಎಂಬವನ ಜೊತೆ ಸ್ಟುಡಿಯೊ ನಡೆಸಿದ, ಹಾಲ್-ಕ್ಲೆಮೆಂಟ್ ಅಂತ ಪ್ರಕಾಶನವನ್ನೂ ಕಟ್ಟಿದ. ಅಂದರೆ ಹೊಲವೂ ತನ್ನದು, ಉಳುಮೆಯೂ ತನ್ನದು. ಇತರರು ಬರೆದ ಹಾಡುಗಳಲ್ಲೂ ಪಾಲು.

ಬ್ಯೂಮಾಂಟ್‌ನಲ್ಲಿದ್ದಾಗಲೇ 1963ರಲ್ಲಿ ಕ್ಯಾಶ್‌ನಿಂದ ಫೋನು. ‘ರಿಂಗ್ ಆಫ್ ಫೈರ್’ ಎಂಬ ಹಾಡು, ಜೂನ್ ಕಾರ್ಟರ್ ಮತ್ತು ಮರ್ಲ್ ಕಿಲ್ಗೋರ್ ಬರೆದದ್ದು. ಜೂನ್ ತಂಗಿ ಆನಿಟಾ ಆಗಲೇ ಹಾಡಿದ್ದಳು, ಓಡಿರಲಿಲ್ಲ. ಕ್ಯಾಶ್‌ಗೆ ಕನಸಿನಲ್ಲಿ ಈ ಹಾಡು ಮೆಕ್ಸಿಕೊದ ಮರಿಯಾಚಿ ತುತ್ತೂರಿಗಳ ಜೊತೆ ಕೇಳಿಸಿತ್ತಂತೆ. ತುತ್ತೂರಿಗೂ ಕಂಟ್ರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಇಂಥ ಹುಚ್ಚಿಗೆ ತಲೆಯಾಡಿಸುವವನು ಒಬ್ಬನೇ ಎಂದು ಕ್ಯಾಶ್‌ಗೆ ಗೊತ್ತಿತ್ತು. ಕ್ಲೆಮೆಂಟ್ ನ್ಯಾಶ್‌ವಿಲ್‌ಗೆ ಬಂದ, ತುತ್ತೂರಿಯವರಿಗೆ ಏನು ಊದಬೇಕೆಂದು ಹೇಳಿಕೊಟ್ಟ. ಹಾಡು ಏಳು ವಾರ ಮೊದಲ ಸ್ಥಾನ.

ಆ ಹಾಡನ್ನು ಒಮ್ಮೆ ಹಾಕಿ ಕೇಳಿ. ಮೊದಲು ಬರುವುದು ಕ್ಯಾಶ್ ದನಿಯಲ್ಲ, ತುತ್ತೂರಿ. ಸಾಲು ಸಾಲಿನ ನಡುವೆ ಮತ್ತೆ ಅದೇ ತುತ್ತೂರಿ. ಪದ ಬಾರದವನೂ ಆ ತುಣುಕನ್ನು ಶಿಳ್ಳೆ ಹಾಕಬಲ್ಲ. ಆದರೆ ತಟ್ಟೆಯ ಮೇಲೆ ಕ್ಲೆಮೆಂಟ್ ಹೆಸರಿಲ್ಲ. ಪ್ರೊಡ್ಯೂಸರ್‌ಗಳೆಂದು ದಾಖಲಾದವರು ಬೇರೆಯವರು. ವಾದ್ಯಸಂಯೋಜನೆ ಕಾನೂನಿನ ಕಣ್ಣಲ್ಲಿ ‘ಹಾಡು’ ಅಲ್ಲ; ಪದ ಮತ್ತು ಮೂಲ ರಾಗ ಮಾತ್ರ ಹಾಡು. ಅದಕ್ಕೆ ಹೆಚ್ಚಿಸಿದ ಒಗ್ಗರಣೆಗೆ ರಾಯಲ್ಟಿ ಇಲ್ಲ, ಬಾಯಿಗೆ ಮೊದಲು ತಾಗುವುದು ಒಗ್ಗರಣೆಯೇ ಆದರೂ. ಸನ್‌ನ ತಟ್ಟೆಯ ಹಿಂಬದಿಯಲ್ಲಿ ಯಾರೂ ಕೇಳದ ಹಾಡಿಗೆ ಸೆಂಟ್ ಬಂತು, ಎಲ್ಲರೂ ಕೇಳಿದ ತುತ್ತೂರಿಗೆ ಬರಲಿಲ್ಲ.

1965ರಲ್ಲಿ ಮತ್ತೆ ನ್ಯಾಶ್‌ವಿಲ್. ಆಗ ಕೈಗೆ ಸಿಕ್ಕವನು ಚಾರ್ಲಿ ಪ್ರೈಡ್. ಮಿಸಿಸಿಪ್ಪಿಯ ಹತ್ತಿ ಹೊಲದಿಂದ ಬಂದವನು, ಕರಿಯರ ಬೇಸ್‌ಬಾಲ್ ಲೀಗಿನಲ್ಲಿ ಆಡಿದವನು, ಮೊಂಟಾನಾದಲ್ಲಿ ಲೋಹ ಕರಗಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ಕಂಟ್ರಿ ಅಂದರೆ ಬಿಳಿಯರ ಸಂಗೀತ ಎಂದು ಎಲ್ಲರೂ ಒಪ್ಪಿ ಕೂತಿದ್ದ ಕಾಲ. ಕ್ಲೆಮೆಂಟ್ ಅವನಿಗೆ ಏಳು ಹಾಡು ಕಲಿಯಲು ಕೊಟ್ಟ, ತನ್ನ ಖರ್ಚಿನಲ್ಲೇ ಧ್ವನಿಮುದ್ರಣ ಮಾಡಿಸಿದ. ಟೇಪು ಚೆಟ್ ಅಟ್ಕಿನ್ಸ್‌ಗೆ ತಲುಪಿತು. ಅಟ್ಕಿನ್ಸ್ ಅದನ್ನು ಕಂಪನಿಯ ದೊಡ್ಡವರಿಗೆ ಮೊದಲು ಕೇಳಿಸಿ, ಎಲ್ಲರೂ ಮೆಚ್ಚಿದ ಮೇಲೆ ಹಾಡಿದವನ ಬಣ್ಣ ತಿಳಿಸಿದ. 1966ರಲ್ಲಿ ಮೊದಲ ತಟ್ಟೆ ರೇಡಿಯೊಗಳಿಗೆ ಹೋದಾಗ ಫೋಟೊ ಜೊತೆಗಿರಲಿಲ್ಲ. ದನಿ ಮಾತ್ರ ಹೋಯಿತು. ಅವನನ್ನು ಪಟ್ಟಿಯ ಮೊದಲ ಹತ್ತರೊಳಗೆ ತಂದ ‘ಜಸ್ಟ್ ಬಿಟ್ವೀನ್ ಯೂ ಅಂಡ್ ಮಿ’ ಕ್ಲೆಮೆಂಟ್ ಬರೆದದ್ದೇ. 1971ರಲ್ಲಿ ಪ್ರೈಡ್ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಮನರಂಜಕ ಪ್ರಶಸ್ತಿ ಪಡೆದ. ಮುಖ ಮುಚ್ಚಿಟ್ಟದ್ದು ಜಾಣತನವೋ ಅವಮಾನವೋ? ಎರಡೂ ಹೌದೆನಿಸುತ್ತದೆ ನನಗೆ. ಕ್ಲೆಮೆಂಟ್‌ನ ಧೈರ್ಯ ಇದ್ದದ್ದು ಜೇಬಿಂದ ಹಣ ತೆಗೆದ ಆ ಮೊದಲ ದಿನದಲ್ಲಿ.

ಕ್ಲೆಮೆಂಟ್ ಬರೆದ ನಗಿಸುವ ಹಾಡುಗಳ ವಿಷಯ ಬಿಟ್ಟರೆ ಚಿತ್ರ ಅರ್ಧವಾಗುತ್ತದೆ. ಮೊಟ್ಟೆ ಕದ್ದು ಕುಡಿಯುವ ಕೊಳಕು ನಾಯಿಯ ಮೇಲೆ ಒಂದು, ಪ್ರೇಯಸಿಯ ಹೃದಯದ ಬಚ್ಚಲಿನಿಂದ ತೊಳೆದು ಹೋದವನ ಗೋಳಿನ ಮೇಲೆ ಇನ್ನೊಂದು. 1968ರಲ್ಲಿ ಕ್ಯಾಶ್ ಫೋಲ್ಸಂ ಜೈಲಿನಲ್ಲಿ ಕೈದಿಗಳೆದುರು ಹಾಡಿದಾಗ ಇವೆರಡೂ ಇದ್ದವು. ಕೊಲೆ, ನೇಣು, ಒಂಟಿತನದ ಹಾಡುಗಳ ನಡುವೆ ಜೈಲು ನಕ್ಕದ್ದು ಇವಕ್ಕೆ.

ನಾವು ಮೋಜು ಹಂಚುವ ವ್ಯಾಪಾರದಲ್ಲಿದ್ದೇವೆ, ನಮಗೇ ಮೋಜು ಇಲ್ಲವಾದರೆ ಕೆಲಸ ಸರಿಯಾಗಿ ನಡೆದಿಲ್ಲ ಎಂದರ್ಥ — ಸ್ಟುಡಿಯೊದಲ್ಲಿ ಅವನ ಧೋರಣೆ ಇದು. ಹಾಡು ಸರಿಯಾಗಿ ಬರುತ್ತಿದ್ದರೆ ಎದ್ದು ಕುಣಿಯುತ್ತಿದ್ದ. ನೃತ್ಯದ ಮೇಷ್ಟರ ಕಾಲು, ತಾಳ ಎಲ್ಲಿ ಎಳೆಯುತ್ತಿದೆ ಅನ್ನುವುದು ಮೀಟರಿಗಿಂತ ಮೊದಲು ಗೊತ್ತಾಗುತ್ತಿತ್ತೇನೊ. 1975ರಲ್ಲಿ ವೇಲಾನ್ ಜೆನ್ನಿಂಗ್ಸ್‌ನ ‘ಡ್ರೀಮಿಂಗ್ ಮೈ ಡ್ರೀಮ್ಸ್’ ಆಲ್ಬಂ ಮಾಡಿಸಿದ. ನ್ಯಾಶ್‌ವಿಲ್ ತಂತಿವಾದ್ಯಗಳ ಗುಡ್ಡೆಯಿಂದ ಹಾಡನ್ನು ಮುಚ್ಚುತ್ತಿದ್ದ ಕಾಲದಲ್ಲಿ ಅದು ತೆರಪು ಬಿಟ್ಟು ಉಸಿರಾಡುವ ಆಲ್ಬಂ, ಕಂಟ್ರಿ ಆಲ್ಬಂಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಹೋಯಿತು. ಅವನು ಮಾಡಿಸಿದ್ದರಲ್ಲಿ ಒಂದನ್ನೇ ಕೇಳುವುದಾದರೆ ಇದನ್ನು ಕೇಳಿ.

ಇದೇ ಮನುಷ್ಯ 1968ರಲ್ಲಿ ಟೌನ್ಸ್ ವಾನ್ ಝಾಂಟ್‌ನ ಮೊದಲ ಆಲ್ಬಮ್ಮಿಗೆ ವಾದ್ಯಗಳ ರಾಶಿ ಹೇರಿ ಕೆಡಿಸಿದ್ದ. ಟೌನ್ಸ್ ಅದೇ ಹಾಡುಗಳಲ್ಲಿ ಕೆಲವನ್ನು ಮರುವರ್ಷವೇ ಬರಿದಾಗಿ ಮತ್ತೆ ಹಾಡಿಕೊಂಡ. ಕ್ಲೆಮೆಂಟ್‌ಗೆ ಬರುತ್ತಿದ್ದ ರಾಯಲ್ಟಿಯೂ ಹೀಗೇ ಸುರಿಯುತ್ತಿತ್ತು, ಹೀಗೇ ಹರಿದುಹೋಗುತ್ತಿತ್ತು. 1972ರಲ್ಲಿ ದೆವ್ವ ಹಿಡಿದಂತೆ ಒಂದು ಕೊಡಲಿ ಕೊಲೆಯ ಸಿನಿಮಾ ನಿರ್ಮಿಸಿ ಕೈ ಸುಟ್ಟುಕೊಂಡ. ಈ ಸಲ ನಮ್ಮ ಅರ್ಥದ ನಿರ್ಮಾಪಕನಾಗಿ. ಜೆಎಂಐ ಎಂಬ ಸ್ವಂತ ಕಂಪನಿ ತೆರೆದು ಡಾನ್ ವಿಲಿಯಮ್ಸ್‌ನನ್ನು ಒಂಟಿ ಗಾಯಕನಾಗಿ ನೆಲೆ ನಿಲ್ಲಿಸಿದ, ಕಂಪನಿ ಮಾತ್ರ ಬಹುಕಾಲ ಬಾಳಲಿಲ್ಲ. ಕಟ್ಟಿದ ಸ್ಟುಡಿಯೊಗಳೂ ಕೈ ಬದಲಾದವು. ಅವುಗಳಲ್ಲೊಂದನ್ನು ಕೊಂಡವನು ಅವನ ಬಳಿಯೇ ಪಳಗಿದ ಅಲೆನ್ ರೆನಾಲ್ಡ್ಸ್. ಗಾರ್ತ್ ಬ್ರೂಕ್ಸ್‌ನ ಕೋಟಿಗಟ್ಟಲೆ ಮಾರಾಟವಾದ ಆಲ್ಬಂಗಳು ತಯಾರಾದದ್ದು ಅಲ್ಲಿ.

ಕೊನೆಗಾಲದ ಠಾವು ಬೆಲ್ಮಾಂಟ್ ರಸ್ತೆಯ ಮನೆಯ ಅಟ್ಟ. ‘ಕೌಬಾಯ್ ಆರ್ಮ್ಸ್ ಹೋಟೆಲ್ ಅಂಡ್ ರೆಕಾರ್ಡಿಂಗ್ ಸ್ಪಾ’ ಎಂದು ತಮಾಷೆಯ ಹೆಸರು. ಯಾರು ಬೇಕಾದರೂ ಗಿಟಾರ್ ಹಿಡಿದು ಬರಬಹುದಿತ್ತು. 1987ರಲ್ಲಿ ಐರ್ಲೆಂಡಿನ ಯೂಟೂ ತಂಡ ಮೆಂಫಿಸ್‌ನ ಹಳೆ ಸನ್ ಸ್ಟುಡಿಯೊದಲ್ಲಿ ಧ್ವನಿಮುದ್ರಣಕ್ಕೆ ಹೋದಾಗ ಗಾಜಿನಾಚೆ ಕೂರಿಸಿದ್ದು ಇವನನ್ನೇ. ಕೆಲಸದಿಂದ ತೆಗೆಸಿಕೊಂಡು ಹೊರಬಿದ್ದು ಆಗ ಇಪ್ಪತ್ತೆಂಟು ವರ್ಷ.

2011ರ ಜೂನ್‌ನಲ್ಲಿ ಆ ಅಟ್ಟಕ್ಕೆ ಬೆಂಕಿ ಬಿತ್ತು. ಅವನು ಪಾರಾದ, ಟೇಪುಗಳೂ ಗಿಟಾರುಗಳೂ ಹೋದವು. 2013ರ ಏಪ್ರಿಲ್‌ನಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದದ್ದು ಘೋಷಣೆಯಾಯಿತು, ಸಮಾರಂಭ ಅಕ್ಟೋಬರಿಗೆ. ಆಗಸ್ಟ್ 8ರಂದು, 82ನೇ ವಯಸ್ಸಿನಲ್ಲಿ, ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡ. ಬೇರೆಯವರ ಬಾಯಿಗೆ ಕೊಟ್ಟಿದ್ದ ಹಳೆಯ ಹಾಡುಗಳನ್ನು ಕಡೆಯ ದಿನಗಳಲ್ಲಿ ತಾನೇ ಹಾಡಿಟ್ಟಿದ್ದ, ಮುದಿ ದನಿಯಲ್ಲಿ, ಅವಸರವಿಲ್ಲದೆ. ಆ ಆಲ್ಬಂ 2014ರಲ್ಲಿ ಹೊರಬಂತು.